ಹೆಬ್ಬೆರಳು ಎದ್ದ ಮಳೆಗಾಲ

ಕಳೆದ ವಾರ ಸುಮತಿಯ ಮಂಡಿನೋವಿಗೆಂದು ಅವಳನ್ನು ಕರೆದುಕೊಂಡು ವಿಕ್ರೋಳಿಯ ಆಸ್ಪತ್ರೆಗೆ ಹೋಗಿದ್ದೆ. ಸುಮತಿ ನನ್ನ ಹೆಂಡತಿ. ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿಗೆ ಲಿಫ್ಟ್ ಇಲ್ಲ, ಅವಳ ಮಂಡಿ ಈಗ ಅದರ ಮೇಲೆ ದೂರು ಹೇಳಲು ಶುರು ಮಾಡಿದೆ. ಆಸ್ಪತ್ರೆಯ ಹಿಂಬದಿಯಲ್ಲಿ ಫಿಸಿಯೋಥೆರಪಿಯ ಹಾಲ್. ಬಾಗಿಲು ತಳ್ಳಿದ್ದೇ ತಡ, ಬಿಸಿನೀರಿನ ತೊಟ್ಟಿಯಿಂದ ಆಗಷ್ಟೇ ಎತ್ತಿದ ಶಾಖದ ಚೀಲಗಳ ವಾಸನೆ ಮುಖಕ್ಕೆ ಬಂತು. ಒದ್ದೆ ಬಟ್ಟೆ, ಹಬೆ, ಅದರೊಳಗೆ ಎಲ್ಲೋ ಒಂದು ಚೂರು ಹುಳಿ. ಇಡ್ಲಿ ತಟ್ಟೆಗೆ ಹಾಸಿದ ಬಟ್ಟೆಯನ್ನು ಹಬೆಯಿಂದ ಎತ್ತಿದಾಗ ಬರುತ್ತದಲ್ಲ, ಅದೇ. ನಾನು ಕೆಲಸ ಮಾಡುವ ಹೋಟೆಲಿನಲ್ಲಿ ದಿನವೂ ಮೂಗಿಗೆ ಬಡಿಯುವ ವಾಸನೆಯೇ ಆದರೂ ಆ ಹಾಲ್‌ನಲ್ಲಿ ಅದು ಬಂದಾಗ ನನ್ನ ಎಡಗಾಲಿನ ಹೆಬ್ಬೆರಳು ಚಪ್ಪಲಿಯೊಳಗೆ ತನ್ನಷ್ಟಕ್ಕೆ ಮೇಲೆದ್ದಿತು. ನಾನು ಹೇಳಿದ್ದಲ್ಲ. ಅದಕ್ಕೇ ನೆನಪಿತ್ತು.

ಕೆಲವು ವರ್ಷಗಳ ಹಿಂದೆ ಆ ಬೆರಳು ಮಳೆಗಾಲದ ಅರ್ಧ ಪಾಲು ಏಳದೆ ಮಲಗಿಬಿಟ್ಟಿತ್ತು. ಅದು ಎದ್ದರೆ ನಾನು ದೋಸೆಯ ಕಾವಲಿಗೆ ವಾಪಸು, ಏಳದಿದ್ದರೆ ಬೆನ್ನು ಕೊಯ್ಯುವ ಮೇಜಿಗೆ ಎಂದು ತೀರ್ಮಾನವಾಗಿತ್ತು. ಇಡೀ ಮನುಷ್ಯ ಒಂದು ಬೆರಳಿನ ಮರ್ಜಿಗೆ ಕಾಯುತ್ತ ಕೂತ ಆ ಮಳೆಗಾಲವನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ನಾನು ಬೈಕುಲ್ಲಾದ ಮಾರ್ಕೆಟ್ಟಿನ ಪಕ್ಕದ ಹೋಟೆಲೊಂದರಲ್ಲಿ ದೋಸೆ ಹುಯ್ಯುವವನು. ಉಡುಪಿ ಕಡೆಯಿಂದ ಬಂದವರಿಗೆ ಮುಂಬಯಿಯಲ್ಲಿ ಹೋಟೆಲು ಬಿಟ್ಟರೆ ಬೇರೆ ದಾರಿ ಇಲ್ಲವೆಂದು ಜನ ತಿಳಿದಿದ್ದಾರೆ. ನನಗೆ ದಾರಿ ಇತ್ತು. ಹಗಲು ಮೇಜು ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿದಾಗ ಬ್ಯಾಂಕಿನಲ್ಲಿ ಜವಾನನ ಕೆಲಸ ಕೊಡಿಸುತ್ತೇವೆಂದವರಿದ್ದರು. ಒಳ್ಳೆಯ ದೋಸೆಯ ಅಂಚು ಕಾವಲಿಯಿಂದ ಬಿಡುವಾಗ ಒಂದು ಸಣ್ಣ ಸದ್ದು ಬರುತ್ತದೆ. ಅದನ್ನು ಒಮ್ಮೆ ಕೇಳಿದವನಿಗೆ ಸ್ಟೂಲಿನ ಮೇಲೆ ಕೂತು ಸಾಹೇಬರು ಗಂಟೆ ಬಾರಿಸುವುದಕ್ಕೆ ಕಾಯಲು ಮನಸ್ಸಾಗುವುದಿಲ್ಲ. ನಾನು ಕಾವಲಿಯನ್ನೇ ಆರಿಸಿಕೊಂಡೆ. ಬೆಳಿಗ್ಗೆ ತರಕಾರಿ ವ್ಯಾಪಾರಿಗಳು, ಆಮೇಲೆ ವರ್ಕ್‌ಶಾಪಿನವರು, ಮಧ್ಯಾಹ್ನದ ತನಕ ಕಾವಲಿ ಖಾಲಿ ಇರುತ್ತಿರಲಿಲ್ಲ.

ಮೊದಲು ಬಂದದ್ದು ನೋವಲ್ಲ. ನೋವಿನ ಪರಿಚಯ ಹಳೆಯದು. ದೋಸೆ ಹುಯ್ಯುವವನ ಸೊಂಟ ಸಂಜೆಗೆ ಗೊಣಗದಿದ್ದರೆ ಅವನು ಮೈಗಳ್ಳ ಎಂದೇ ನಮ್ಮಲ್ಲಿ ಅರ್ಥ. ಮೇ ತಿಂಗಳ ಕೊನೆ, ಮಳೆಗೆ ಮುಂಚಿನ ಆ ಅಂಟು ಸೆಕೆ. ಬೈಕುಲ್ಲಾ ಸ್ಟೇಷನ್ನಿನ ಸೇತುವೆ ದಾಟುತ್ತಿದ್ದೆ. ಹಿಂದಿನಿಂದ ಯಾರೋ ಕೂಗಿದರು. "ಓ ಅಂಕಲ್! ಚಪ್ಪಲ್ ರಹ್ ಗಯಾ!" ತಿರುಗಿ ನೋಡಿದರೆ, ಜನ ಹರಿಯುವ ಸೇತುವೆಯ ನಟ್ಟನಡುವೆ ನನ್ನ ಎಡಗಾಲಿನ ಹವಾಯಿ ಚಪ್ಪಲಿ ಒಂಟಿಯಾಗಿ ಕುಳಿತಿದೆ. ನನ್ನ ಕಾಲಿಗೆ ಗೊತ್ತೇ ಆಗಿರಲಿಲ್ಲ. ನಕ್ಕು, ಹಾಕಿಕೊಂಡು ನಡೆದೆ. ಮೆಟ್ಟಿಲಿಳಿಯುವಾಗ ಮತ್ತೆ ಜಾರಿತು. ಆಗ ನಗು ಬರಲಿಲ್ಲ.

ಅದರ ಬೆನ್ನಿಗೇ ನೋವು ತನ್ನ ವರಸೆ ಬದಲಿಸಿತು. ಸೊಂಟದಲ್ಲಿದ್ದದ್ದು ಕೆಳಗಿಳಿದು, ತೊಡೆಯ ಪಕ್ಕದಲ್ಲಿ ಹಾದು, ಮೀನಖಂಡದ ಹೊರಬದಿಯಿಂದ ಪಾದದ ಮೇಲಕ್ಕೆ ಹರಿಯತೊಡಗಿತು. ಹೋಟೆಲಿನಲ್ಲಿ ಒಬ್ಬನಿಗೆ ಸೊಂಟ ಹಿಡಿದರೆ ಉಳಿದವರೆಲ್ಲ ವೈದ್ಯರು. ಎಲ್ಲರ ಔಷಧಿಯೂ ಒಂದೇ: ಬರಿ ಹಲಗೆಯ ಮೇಲೆ ಮಲಗು, ಸೊಂಟಕ್ಕೆ ಪಂಚೆಯನ್ನು ಬಿಗಿದು ಕಟ್ಟು, ಅಲುಗಾಡಬೇಡ. ಬಿಸಿಯಾದ ಗ್ರೈಂಡರನ್ನು ಆರಿಸಿಟ್ಟರೆ ತಣ್ಣಗಾಗಿ ಸರಿಹೋಗುತ್ತದೆ ಎನ್ನುವುದು ನಮಗೆ ಗೊತ್ತಿರುವ ಏಕೈಕ ಶಾಸ್ತ್ರ. ಮನುಷ್ಯನಿಗೂ ಅದನ್ನೇ ಹಚ್ಚಿದೆವು. ಹೋಟೆಲಿನ ಹಳೆಯ ಮೇಜಿನ ಹಲಗೆಯೊಂದನ್ನು ನಮ್ಮ ಧಣಿಗಳು ಟೆಂಪೊದಲ್ಲಿ ಮನೆಗೇ ಕಳಿಸಿದರು. ಅದರ ಅಂಚಿನಲ್ಲಿ ಇನ್ನೂ ಸಾಂಬಾರಿನ ಕಲೆಗಳಿದ್ದವು. ಮಳೆ ಶುರುವಾದದ್ದನ್ನು ನಾನು ಆ ಹಲಗೆಯ ಮೇಲೆ ಮಲಗಿಯೇ ಕೇಳಿದೆ.

ವಾರಗಳು ಹೋದವು. ಎದ್ದು ನಿಂತಾಗ ಕಾಲುಗಳು ನೆನೆಸಿದ ಅವಲಕ್ಕಿಯ ಹಾಗಾಗಿದ್ದವು. ಚಪ್ಪಲಿ ಈಗ ಜಾರುವುದಕ್ಕೂ ಕಾಯುತ್ತಿರಲಿಲ್ಲ. ಹಾಕುವಾಗಲೇ ಮುಂದೆ ಹಾರುತ್ತಿತ್ತು. ಸುಮತಿಯ ಅಣ್ಣ ವಿಕ್ರೋಳಿಯ ಕಾರ್ಖಾನೆಯಲ್ಲಿದ್ದ. ಅವನು ಬಂದು ನನ್ನ ನಡಿಗೆ ನೋಡಿ, "ಎಂತ ಭಾವ, ಕಾಲು ಎಳೀತಾ ಉಂಟಲ್ಲ? ನಾಳೆಯೇ ಡಾಕ್ಟ್ರ ಹತ್ರ ಹೋಗುವ," ಎಂದು ಹಟ ಹಿಡಿದು ಈ ಆಸ್ಪತ್ರೆಗೆ ಕರೆತಂದ.

ಸ್ಕ್ಯಾನಿನ ಕೊಳವೆಯೊಳಗೆ ಮಲಗಿಸಿದರು. ಗ್ರೈಂಡರಿಗೆ ಚಮಚ ಬಿದ್ದರೆ ಆಗುವಂಥ ಗಲಾಟೆ. ಹೊರಬಂದ ಮೇಲೆ ಬಿಳಿಗೂದಲಿನ ಡಾಕ್ಟರು ಚಿತ್ರವನ್ನು ಬೆಳಕಿನ ಮುಂದೆ ಸಿಕ್ಕಿಸಿದರು. ಒಂದರ ಮೇಲೊಂದು ಜೋಡಿಸಿದ ಮೂಳೆಗಳು, ನಡುವೆ ಮೆತ್ತನೆಯ ಬಿಲ್ಲೆಗಳು. ಮೇಲಿನ ಬಿಲ್ಲೆಗಳು ಬೆಳ್ಳಗೆ ಉಬ್ಬಿಕೊಂಡಿದ್ದವು. ಕೆಳಗಿನ ಎರಡು ಒಣಗಿ, ಚಪ್ಪಟೆಯಾಗಿ, ಕಪ್ಪಗಿದ್ದವು. ಅದು ನನ್ನದೇ ಬೆನ್ನು ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಇಷ್ಟು ವರ್ಷ ನನ್ನನ್ನು ಹೊತ್ತು ನಿಂತದ್ದು ಇದು. ಮೂಟೆ ಎತ್ತುವಾಗಲೂ ಲೋಕಲ್ಲಿನಲ್ಲಿ ಜೋತಾಡುವಾಗಲೂ ನಾನು ಇದನ್ನು ಒಂದು ಮಾತು ಕೇಳಿದವನಲ್ಲ. ಕೈಮುಗಿಯಬೇಕೆನ್ನಿಸಿತು. ಮುಗಿದರೆ ಡಾಕ್ಟರು ತಮಗೇ ಎಂದುಕೊಳ್ಳುತ್ತಾರೆ ಎಂದು ಸುಮ್ಮನಾದೆ.

ಡಾಕ್ಟರು ಹಿಂದಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ವಯಸ್ಸಾದಂತೆ ಈ ಬಿಲ್ಲೆಗಳು ಸವೆಯುತ್ತವೆ, ತಲೆ ನರೆತ ಹಾಗೆ. ನೋವೇ ಇಲ್ಲದವರ ಬೆನ್ನಿನ ಚಿತ್ರ ತೆಗೆದರೂ ಎಷ್ಟೋ ಸಲ ಹೀಗೇ ಕಾಣುತ್ತದೆ, ಆದ್ದರಿಂದ ಚಿತ್ರಕ್ಕೆ ಹೆದರಬಾರದು. ಆದರೆ ಇಲ್ಲೊಂದು ನರ ಅಮುಕಿಕೊಂಡಿದೆ. ಆ ನರವೇ ಕಾಲಿನ ಹೆಬ್ಬೆರಳನ್ನು ಎತ್ತುವುದು. "ಎತ್ತಿ," ಎಂದರು. ಎತ್ತಿದೆ. ಬಲಗಾಲಿನದು ಠಾಕುಠೀಕಾಗಿ ನಿಂತಿತು. ಎಡಗಾಲಿನದು ಕೇಳಿಸಲೇ ಇಲ್ಲವೆಂಬಂತೆ ಮಲಗಿತ್ತು. ಅದು ನನ್ನದೇ ಬೆರಳು, ನನ್ನ ಕಣ್ಣೆದುರೇ ಇದೆ, ನಾನು ಮನಸ್ಸಿನಲ್ಲಿ ಕೂಗುತ್ತಿದ್ದೇನೆ, ಮಾತು ಅಲ್ಲಿಯ ತನಕ ಹೋಗುತ್ತಿಲ್ಲ. ಅಂಥ ಭಯ ನನಗೆ ಹಿಂದೆಂದೂ ಆಗಿರಲಿಲ್ಲ.

ಗಣಪತಿ ಹಬ್ಬದ ತನಕ ನೋಡೋಣ ಎಂದರು ಡಾಕ್ಟರು. ಮಾತ್ರೆ, ನಡಿಗೆ, ವ್ಯಾಯಾಮ. ಅಷ್ಟರಲ್ಲಿ ಪಾದ ಇನ್ನೂ ಸೋತರೆ, ಕೂರುವ ಜಾಗ ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ, ಒಂದು ಗಳಿಗೆಯೂ ಕಾಯದೆ ಓಡಿ ಬರಬೇಕು. ಹಾಗೇನೂ ಆಗದೆಯೂ ಬೆರಳು ಏಳದಿದ್ದರೆ ಆಪರೇಷನ್ನಿನ ಮಾತು.

ಸುದ್ದಿ ಕೇಳಿ ಧಣಿಗಳು ಮನೆಗೆ ಬಂದರು. ಒಳ್ಳೆಯ ಮನುಷ್ಯ. "ಭಾಸ್ಕರ, ನೀನು ತಲೆಬಿಸಿ ಮಾಡ್ಬೇಡ. ಗಲ್ಲಾದಲ್ಲಿ ಕೂತ್ಕೋ. ನನಗೂ ವಯಸ್ಸಾಯ್ತು," ಎಂದರು. ಗಲ್ಲಾ ಎಂದರೆ ಬಾಗಿಲ ಬಳಿ ಗಿರಾಕಿಗಳಿಂದ ಹಣ ತೆಗೆದುಕೊಳ್ಳುವ ಕುರ್ಚಿ. ನಮ್ಮ ಹೋಟೆಲುಗಳಲ್ಲಿ ಆ ಕುರ್ಚಿಗೆ ಜೀವಮಾನವಿಡೀ ಆಸೆಪಡುವವರಿದ್ದಾರೆ. ನನಗೆ ಮಾತ್ರ ಅಲ್ಲಿಂದ ಕಾವಲಿಯ ಕಡೆ ನೋಡುತ್ತ, ಯಾರೋ ಹುಯ್ದ ದೋಸೆ ಹರಿಯುವುದನ್ನು ಕೇಳುತ್ತ ಕೂರಬೇಕಲ್ಲ ಎನ್ನುವುದೇ ಚಿಂತೆ. ಆಗಲೇ ನನ್ನ ಜಾಗದಲ್ಲಿ ಗೋರಖ್‌ಪುರದ ಮನೋಜ್ ನಿಂತಿದ್ದ. ಮೈಸೂರು ಮಸಾಲೆಗೆ ಬೀಟ್‌ರೂಟ್ ತುರಿದು ಹಾಕುವ ಆಸಾಮಿ. ಗಿರಾಕಿಗಳಿಗೆ ಅದೇ ಇಷ್ಟವಾಗುತ್ತಿದೆ ಎಂದು ಕೇಳಿ ಸೊಂಟಕ್ಕಿಂತ ಹೊಟ್ಟೆ ಉರಿಯಿತು.

ಹೀಗೆ ಜೂನ್ ಕೊನೆಯ ಜಡಿಮಳೆಯಲ್ಲಿ ನಾನು ಗಿರಿಜಾ ಡಾಕ್ಟರ ಕೈಗೆ ಬಿದ್ದೆ. ಫಿಸಿಯೋಥೆರಪಿ ಹಾಲ್‌ನಲ್ಲಿ ನನಗೆ ವ್ಯಾಯಾಮ ಕಲಿಸಬೇಕಾದವರು ಅವರು. ವಿಜಯಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಗಳು, ಹುಟ್ಟಿ ಬೆಳೆದದ್ದು ವಿಕ್ರೋಳಿಯ ಚಾಳಿನಲ್ಲಿ. ಸುಮತಿಯೊಡನೆ ನಾನು ಆಡುತ್ತಿದ್ದ ಮಾತು ಕೇಳಿ ಹತ್ತಿರ ಬಂದರು.

"ನೀವು ಕನ್ನಡದವರೇನ್ರಿ? ಹಂಗಾರ ಛಲೋ ಆತು. ಬೈಯಾಕ ಅನುಕೂಲ ಆಕ್ಕೈತಿ."

ಬೈದರು ಕೂಡ. ಹಲಗೆಯ ಕಥೆ ಕೇಳಿ ಹಣೆ ಹಣೆ ಚಚ್ಚಿಕೊಂಡರು. "ಅಲ್ರಿ ಅಣ್ಣಾರ, ಸೊಂಟ ಅಂದ್ರ ಏನ್ ಗ್ರೈಂಡರ್ ಏನ್ರಿ, ಬಂದ್ ಮಾಡಿ ಇಡಾಕ? ಒಂದೆರಡು ದಿನ ಮಲಗೋದು ಬ್ಯಾರೆ. ನೀವು ಮಲಗಿ ಮಲಗಿ ಇದ್ದ ತಾಕತ್ತೂ ಕರಗಿಸಿ ಕುಂತೀರಿ."

ಶಾಖದ ಚೀಲ ಇಟ್ಟಾಗ ನನಗೆ ಸ್ವರ್ಗ ಸಿಕ್ಕಂತಾಯಿತು. ಇದರಿಂದಲೇ ಗುಣವಾಗುತ್ತದೆಯೇ ಎಂದು ಕೇಳಿದೆ. "ಅದು ಬರೇ ಸಮಾಧಾನಕ್ಕರಿ. ಕೆಲಸ ನೀವ ಮಾಡಬೇಕು," ಎಂದರು. ಆಮೇಲೆ ನನ್ನ ಎಡಪಾದವನ್ನು ಕೈಯಲ್ಲಿ ಹಿಡಿದು, ಸೊಂಟದಿಂದ ತೊಡಗಿ ಬೆರಳಿನ ತನಕ ಒಂದು ಗೆರೆ ಎಳೆದು ತೋರಿಸಿದರು. ನೋವು ನಡೆದ ದಾರಿಯೇ ಅದು, ಒಂದಿಂಚೂ ಆಚೀಚೆ ಇಲ್ಲ.

"ಇಲ್ಲಿಂದ ಇಲ್ಲೀತನಕ ಒಂದ ಎಳಿ ಐತ್ರಿ. ಮ್ಯಾಲೆ ಎಲ್ಲೋ ಅಮುಕೈತಿ, ಇಲ್ಲಿ ಸುದ್ದಿ ಮುಟ್ಟವಲ್ದು. ಅದು ಸತ್ತಿಲ್ಲ, ಮುನಿಸ್ಕೊಂಡೈತಿ. ಹಗೂರಕ ಮಾತಾಡಸೋಣು. ಈಗ ಬೆರಳ ಎತ್ರಿ."

ಹಲ್ಲು ಕಚ್ಚಿ ಎತ್ತಿದೆ. ಬೆರಳು ನಡುಗಿತು, ಅಷ್ಟೆ. ಅವರು ತಮ್ಮ ಕಿರುಬೆರಳನ್ನು ಅದರ ಮೇಲೆ ಇಟ್ಟರು. ಒತ್ತಲೂ ಇಲ್ಲ. ನನ್ನ ಹೆಬ್ಬೆರಳು ಮಲಗಿಬಿಟ್ಟಿತು. "ಇವತ್ತಿಗೆ ಇದನ್ನ ಬಗ್ಗಸಾಕ ಕಿರುಬೆರಳ ಸಾಕು," ಎಂದು ನಕ್ಕರು. "ನನ್ನ ಹೆಬ್ಬೆಟ್ಟು ಬೇಕಾಗೋ ದಿನ ಬರತೈತಿ."

ಆ ದಿನಕ್ಕಾಗಿ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಬೋರಲು ಮಲಗಿ ಮೊಣಕೈ ಊರಿ ಎದೆ ಎತ್ತುವುದು. ಅಂಗಾತ ಮಲಗಿ ಸೊಂಟ ಎತ್ತುವುದು. ಅಂಬೆಗಾಲಿಟ್ಟು ಒಂದು ಕೈ, ಅದರೆದುರಿನ ಕಾಲು ಚಾಚಿ ನಿಲ್ಲುವುದು. ಐವತ್ತು ದಾಟಿದ ನಾನು ಪಕ್ಕದ ಹಾಸಿನ ಮೇಲೆ ಅದನ್ನೇ ಮಾಡುತ್ತಿದ್ದ ಮುದುಕಿಯ ಕಣ್ಣಿಗೆ ಬಿದ್ದು ಇಬ್ಬರೂ ನಕ್ಕು ದೊಪ್ಪೆಂದು ಬಿದ್ದದ್ದುಂಟು. ಮನೆಯಲ್ಲಿ ಬಟ್ಟೆ ಒಣಹಾಕಿದ ಹಗ್ಗಗಳ ಕೆಳಗೆ, ಒದ್ದೆ ಸೀರೆಗಳ ತೊಟ್ಟಿಕ್ಕುವ ನೀರಿನ ನಡುವೆ ಸುಮತಿ ನಿಂತು ನಿಗಾ ನೋಡುತ್ತಿದ್ದಳು. ಮಳೆ ಬಿಟ್ಟಾಗ ಬಿಲ್ಡಿಂಗಿನ ಸುತ್ತ ನಡೆಸುತ್ತಿದ್ದಳು. ಕಾಲಿಗೆ ಇಳಿದಿದ್ದ ನೋವು ಮೆಲ್ಲಗೆ ಮೇಲೇರತೊಡಗಿತು. ಪಾದ ಬಿಟ್ಟಿತು, ಮೀನಖಂಡ ಬಿಟ್ಟಿತು, ತೊಡೆಯಲ್ಲಿ ಸ್ವಲ್ಪ ಕಾಲ ಬಿಡಾರ ಹೂಡಿತು. ಹೋದ ದಾರಿಯಲ್ಲೇ ಹಿಂತಿರುಗುತ್ತಿತ್ತು. ಸೊಂಟ ಮೊದಲಿಗಿಂತ ಜಾಸ್ತಿ ನೋಯುತ್ತಿದೆ ಎಂದು ನಾನು ಗಾಬರಿಯಾದರೆ, ಗಿರಿಜಾ ಡಾಕ್ಟರು ಖುಷಿಪಟ್ಟರು. "ಕಾಲ ಬಿಟ್ಟು ಮನಿಗೆ ಬರಾಕ ಹತ್ತೈತಿ, ಬರ್ಲಿ ಬಿಡ್ರಿ." ಬೆರಳು ಮಾತ್ರ ಹಾಗೇ ಇತ್ತು.

ಒಂದು ದಿನ ಅವರು ಒಂದು ಎತ್ತರದ ಸ್ಟೂಲನ್ನು ನನ್ನೆದುರು ಎಳೆದು, ಕೈಗೆ ಸ್ಟೀಲಿನ ಬಟ್ಟಲು ಕೊಟ್ಟರು. "ಇದು ನಿಮ್ಮ ಕಾವಲಿ. ದ್ವಾಸಿ ಹಾಕಿ ತೋರಸ್ರಿ."

ಎಷ್ಟೋ ದಿನಗಳ ಮೇಲೆ ಕೈಗೆ ಬಟ್ಟಲು ಬಂದಿತ್ತು. ನಾಚಿಕೆ ಬಿಟ್ಟು ಶುರು ಮಾಡಿದೆ. ಬಲಗಡೆ ನೆಲದ ಹತ್ತಿರದ ಪಾತ್ರೆಯಿಂದ ಇಲ್ಲದ ಹಿಟ್ಟನ್ನು ಎತ್ತಿದೆ, ಕಾವಲಿಯ ಆಚೆ ಅಂಚಿನ ತನಕ ಬಾಗಿ ಹುಯ್ದೆ, ಸುತ್ತಿದೆ, ಎಣ್ಣೆ ಬಿಟ್ಟೆ, ಮಗುಚಿ ಎಡಗಡೆಯ ತಟ್ಟೆಗೆ ಹಾಕಿದೆ. ಹಾಲ್ ಇಡೀ ವ್ಯಾಯಾಮ ನಿಲ್ಲಿಸಿ ನೋಡುತ್ತಿತ್ತು. ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡಿದ್ದ ಹೆಂಗಸೊಬ್ಬರು, "ಭೈಯಾ, ಏಕ್ ಮಸಾಲಾ, ಕಡಕ್!" ಎಂದರು. ಎಲ್ಲರೂ ನನ್ನ ಕೈ ನೋಡುತ್ತಿದ್ದರು. ಗಿರಿಜಾ ಡಾಕ್ಟರು ಮಾತ್ರ ನನ್ನ ಪಾದ ನೋಡುತ್ತಿದ್ದರು.

"ಅಣ್ಣಾರ, ನಿಮ್ಮ ಕಾಲಿಗೆ ಮೊಳಿ ಹೊಡದಾರೇನ್ರಿ?"

ಕೆಳಗೆ ನೋಡಿಕೊಂಡೆ. ಹೌದು, ಪಾದಗಳು ಇಟ್ಟಲ್ಲೇ ಇದ್ದವು. ಬಲಕ್ಕೆ, ಎಡಕ್ಕೆ, ಮುಂದಕ್ಕೆ, ತಿರುಗಿದ್ದೆಲ್ಲ ಸೊಂಟ. ನಾನು ವಾದಕ್ಕಿಳಿದೆ. ನನಗೆ ಕಲಿಸಿದ ಹಿರಿಯ ಭಟ್ಟರು ಮೊದಲ ದಿನವೇ ಹೇಳಿದ ಪಾಠ ಅದು: ಕಾವಲಿಯ ಮುಂದೆ ಗೋಣಿ ಹಾಸು, ಅದರ ಮೇಲೆ ಕಾಲು ಊರು, ಗಡಿಬಿಡಿ ಮುಗಿಯುವ ತನಕ ಕದಲಿಸಬೇಡ. ಕೆಳಗೆ ಎಣ್ಣೆಯ ಜಾರು ನೆಲ, ಎದುರಿಗೆ ಕೆಂಡದಂಥ ಕಬ್ಬಿಣ. ಕಾಲು ಎತ್ತಿದವನು ಕಾವಲಿಯ ಮೇಲೇ ಬೀಳುತ್ತಾನೆ. ಭಟ್ಟರ ಮೊಣಕೈಯಲ್ಲಿ ಅದಕ್ಕೆ ಸಾಕ್ಷಿಯಾಗಿ ಒಂದು ಸುಟ್ಟ ಕಲೆಯೂ ಇತ್ತು. ನಮ್ಮ ಕಡೆಯ ದೋಸೆ ಹುಯ್ಯುವವರೆಲ್ಲ ಹೀಗೆಯೇ ನಿಲ್ಲುವುದು.

ಅವರು ಪೂರ್ತಿ ಕೇಳಿದರು. "ಭಟ್ಟರು ಹೇಳಿದ್ದು ಖರೆ ಐತ್ರಿ. ನೆಲ ಜಾರ್ತಿತ್ತು. ಹಂಗಾರ ನೆಲಾ ಸರಿ ಮಾಡ್ರಿ, ಸೊಂಟಾ ಯಾಕ ತಿರುವತೀರಿ?"

ಅಲ್ಲಿಂದ ಮುಂದೆ ನಾನು ಆ ಹಾಲ್‌ನಲ್ಲಿ ದೋಸೆ ಹುಯ್ಯುವುದನ್ನು ಮೊದಲಿನಿಂದ ಕಲಿತೆ. ಹಿಟ್ಟಿನ ಕಡೆ ಒಂದು ಹೆಜ್ಜೆ, ಕಾವಲಿಯ ಕಡೆ ಒಂದು ಹೆಜ್ಜೆ, ತಟ್ಟೆಯ ಕಡೆ ಒಂದು. ಆಚೆ ಅಂಚಿಗೆ ಚಾಚುವಾಗ ಒಂದು ಕಾಲು ಮುಂದೆ. ಸುಮತಿ ಯಕ್ಷಗಾನದ ಕುಣಿತ ಕಂಡವಳಂತೆ ಬಾಯಿಗೆ ಸೆರಗು ಅಡ್ಡ ಹಿಡಿದು, "ಚೆಂಡೆಯವರನ್ನೂ ಕರೆಸುವನಾ?" ಎಂದಳು. ನಕ್ಕರೆ ನಗಲಿ ಎಂದು ಹೆಜ್ಜೆ ಹಾಕಿದೆ. ಆದರೆ ಹೆಜ್ಜೆ ಹಾಕುವ ಎಡಪಾದ ಇನ್ನೂ ನೆಲ ಕೆರೆಯುತ್ತಿತ್ತು. ಜುಲೈ ಮುಗಿಯುತ್ತ ಬಂದಿತ್ತು. ಗಿರಿಜಾ ಡಾಕ್ಟರು ಕಿರುಬೆರಳನ್ನು ಬಿಟ್ಟು ತೋರುಬೆರಳಿಗೆ ಬಂದಿದ್ದರು, ಅಲ್ಲಿಂದ ಮುಂದೆ ಹೋಗಿರಲಿಲ್ಲ. ಬೆರಳಿನ ವಿಷಯದಲ್ಲಿ ಮಾತ್ರ ಅವರು ಮುಖದಲ್ಲಿ ಏನೂ ತೋರಿಸುತ್ತಿರಲಿಲ್ಲ. ಅದರಿಂದಲೇ ನನಗೆ ಅಂಜಿಕೆ.

ಆ ದೊಡ್ಡ ಮಳೆ ಬಂದದ್ದು ಆಗ. ಬೆಳಿಗ್ಗೆ ಸಾಮಾನ್ಯವಾಗಿಯೇ ಇತ್ತು. ಜಾರದಂತೆ ಪಟ್ಟಿ ಇರುವ ಚಪ್ಪಲಿಯನ್ನೇ ಹಾಕಬೇಕೆಂದು ಗಿರಿಜಾ ಡಾಕ್ಟರ ಅಪ್ಪಣೆ; ಅದು ಹಿಂದಿನ ದಿನ ನೆನೆದು ಒಣಗಿರಲಿಲ್ಲವಾದ್ದರಿಂದ ಹಳೆಯ ಹವಾಯಿ ಚಪ್ಪಲಿಯಲ್ಲೇ ಹೋಗಿದ್ದೆ. ವ್ಯಾಯಾಮ ಮುಗಿಸಿ ವಿಕ್ರೋಳಿಯಲ್ಲಿ ಲೋಕಲ್ ಹತ್ತುವಾಗ ಆಕಾಶ ನೆಲಕ್ಕೆ ಬಂದಿತ್ತು. ವಿದ್ಯಾವಿಹಾರ ದಾಟಿ ಕುರ್ಲಾಕ್ಕೆ ಮುನ್ನ ಗಾಡಿ ನಿಂತಿತು. ನಿಂತೇ ಇತ್ತು. ಹಳಿಗಳು ಕಾಣಿಸದಾದವು.

ನನ್ನ ಸೊಂಟ ಬಿಗಿಯತೊಡಗಿತು. ಯಾರೋ ಸೀಟು ಬಿಟ್ಟುಕೊಟ್ಟರು. ಕೂತರೆ ನೋವು ಹೆಚ್ಚು. ನಿಂತಲ್ಲೇ ಎರಡೂ ಕೈಯನ್ನು ಸೊಂಟಕ್ಕೆ ಕೊಟ್ಟು ಹಿಂದಕ್ಕೆ ಬಾಗಿದೆ, ಕಲಿಸಿದ್ದ ಹಾಗೆ. ಪಕ್ಕದವನು ಕೇಳಿದ, "ಕಮರ್ ಕಾ ಪ್ರಾಬ್ಲೆಮ್?" ಹೌದೆಂದೆ. "ಮೇರಾ ಭೀ," ಎಂದು ಅವನೂ ಬಾಗಿದ. ಅವನ ಹಿಂದಿನವರು, ಅವರ ಹಿಂದಿನವರು. ಆ ಡಬ್ಬಿಯಲ್ಲಿ ಸೊಂಟ ನೋಯದವರೇ ಇರಲಿಲ್ಲ. ಸುರಿಯುವ ಮಳೆಯ ನಡುವೆ, ನಿಂತ ಗಾಡಿಯಲ್ಲಿ, ಒಂದಷ್ಟು ಗಂಡಸರು ಸೊಂಟಕ್ಕೆ ಕೈಕೊಟ್ಟು ಚಾವಣಿ ನೋಡುತ್ತಿದ್ದೆವು.

ಗಾಡಿ ಮುಂದೆ ಹೋಗುವುದಿಲ್ಲವೆಂದು ಗೊತ್ತಾದ ಮೇಲೆ ಜನ ಇಳಿಯತೊಡಗಿದರು. ಬಾಗಿಲಿನಿಂದ ನೀರಿಗೆ ಆಳೆತ್ತರ. ಧುಮುಕಿದರೆ ನನ್ನ ಕಥೆ ಮುಗಿಯಿತು ಎಂದು ಕಂಬ ಹಿಡಿದು ನಿಂತಿದ್ದೆ. "ಅಂಕಲ್ ಕೋ ಉತಾರೋ, ಕಮರ್ ಸಂಭಾಲ್‌ಕೆ!" ಎಂದು ನನ್ನೊಡನೆ ಬಾಗಿದ್ದವನೇ ಕೂಗಿದ. ಮೇಲಿನಿಂದ ಇಬ್ಬರು ಕಂಕುಳಿಗೆ ಕೈ ಕೊಟ್ಟರು, ಕೆಳಗಿನಿಂದ ಎಷ್ಟೋ ಕೈಗಳು ಬಂದವು. ತುಂಬಿದ ಹಿಟ್ಟಿನ ಪಾತ್ರೆಯನ್ನು ಚೆಲ್ಲದಂತೆ ಇಳಿಸುತ್ತಾರಲ್ಲ, ಹಾಗೆ ಇಳಿಸಿದರು. ಯಾರ ಮುಖವನ್ನೂ ನೋಡಲಾಗಲಿಲ್ಲ. ಆ ಕೈಗಳನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಮುಂದೆ ನಡಿಗೆ. ಮಂಡಿಯುದ್ದ ಕಂದು ನೀರು, ಕೆಳಗೆ ಹಳಿಯ ಚೂಪು ಜಲ್ಲಿ, ಬರಿಗಾಲಾಗುವಂತಿರಲಿಲ್ಲ. ನನ್ನ ಪಾದ ನನಗೇ ಕಾಣುತ್ತಿಲ್ಲ. ಸುತ್ತಲೂ ಚಪ್ಪಲಿಗಳು, ಬಾಟಲಿಗಳು, ಯಾರದೋ ಊಟದ ಡಬ್ಬಿ ತೇಲಿ ಹೋಗುತ್ತಿದ್ದವು. ಕುರ್ಲಾದಲ್ಲಿ ರಸ್ತೆಗೆ ಬಂದು, ಸಾಲಾಗಿ ಕೈಹಿಡಿದು ನಿಂತವರ ನಡುವಿನಿಂದ ದಾಟಿ, ಸಾಯನ್ ಹಾದು, ಯಾರೋ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೊಡುತ್ತಿದ್ದ ಚಹಾ ಕುಡಿದು, ಹೆಜ್ಜೆ ಹೆಜ್ಜೆಗೂ ಇದೇ ಕೊನೆಯದೋ ಎಂದುಕೊಳ್ಳುತ್ತ ನಡೆದೆ. ಹಗಲು ಬೆಳಕು ಮುಗಿಯುವ ಹೊತ್ತಿಗೆ ಮನೆ ತಲುಪಿದೆ. ಸುಮತಿ ಬಿಲ್ಡಿಂಗಿನ ಬಾಗಿಲಲ್ಲೇ ಕಾಯುತ್ತಿದ್ದಳು. ಅಳುತ್ತಾಳೆಂದುಕೊಂಡೆ. ಅವಳು ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿ, ಅಲ್ಲೇ ನಿಂತುಬಿಟ್ಟಳು.

"ಇದೆಂತದು! ಚಪ್ಪಲಿ ಎರಡೂ ಉಂಟಲ್ಲ!"

ಬಗ್ಗಿ ನೋಡಿದೆ. ಕೆಸರು ಮೆತ್ತಿದ ಎರಡು ಪಾದ, ಎರಡು ಹವಾಯಿ ಚಪ್ಪಲಿ. ಬೈಕುಲ್ಲಾದ ಒಣಸೇತುವೆಯ ಮೇಲೆ ನಿಲ್ಲದ ಚಪ್ಪಲಿ, ಊರಿಗೆ ಊರೇ ಚಪ್ಪಲಿ ಕಳೆದುಕೊಂಡ ನೀರಿನಲ್ಲಿ ನನ್ನ ಕಾಲು ಬಿಟ್ಟಿರಲಿಲ್ಲ. ಯಾವ ಹೆಜ್ಜೆಯಲ್ಲಿ, ಯಾವ ಜಲ್ಲಿಯ ಮೇಲೆ ಆ ಬೆರಳು ಎದ್ದಿತೋ ನನಗೆ ತಿಳಿಯದು. ನಾನು ಹೆದರುವುದರಲ್ಲಿ ಮುಳುಗಿದ್ದೆ. ಅದು ಕತ್ತಲೆ ನೀರಿನಲ್ಲಿ ತನ್ನ ಕೆಲಸ ತಾನು ಮಾಡುತ್ತಿತ್ತು. ನಾವಿಬ್ಬರೂ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಅದನ್ನೇ ನೋಡಿದೆವು.

ಗಾಡಿಗಳು ಮತ್ತೆ ಶುರುವಾದ ಮೇಲೆ ಹಾಲ್‌ಗೆ ಹೋದೆ. ನಡೆದ ದೂರ ಕೇಳಿ ಗಿರಿಜಾ ಡಾಕ್ಟರ ಮುಖ ಬಿಳಿಚಿತು. ಕೂಡಲೇ ಪಾದ ಹಿಡಿದರು. ಕಿರುಬೆರಳಿಟ್ಟರು. ಬೆರಳು ನಿಂತಿತು. ತೋರುಬೆರಳಿಟ್ಟು ಒತ್ತಿದರು. ನಿಂತಿತು. ಆಗ ಅವರು ತಮ್ಮ ಹೆಬ್ಬೆಟ್ಟನ್ನು ಇಟ್ಟು ಒತ್ತಿದರು. ನನ್ನದು ನಡುಗಿತು, ಬಾಗಿತು, ಮತ್ತೆ ಮೇಲೆದ್ದು ಅವರ ಹೆಬ್ಬೆಟ್ಟನ್ನು ತಳ್ಳಿತು. ಇಷ್ಟು ದಿನ ಏನೂ ತೋರಿಸದ ಆ ಹೆಣ್ಣುಮಗಳು ಹಾಲ್‌ಗೆಲ್ಲ ಕೇಳುವಂತೆ, "ಅವ್ವಾ, ಎದ್ದತಲ್ರಿ!" ಎಂದು ಕೂಗಿ ಆಮೇಲೆ ನಾಚಿಕೊಂಡರು. ಮಳೆಯಲ್ಲಿ ನಡೆದದ್ದರಿಂದಲೇ ಎದ್ದಿತೆ ಎಂದು ಕೇಳಿದೆ. "ಇಲ್ರಿ, ಮಳಿಯಾಗ ನಡದು ಸೊಂಟ ಮುರಕೋಬೇಡ್ರಿ. ಅದು ದಿನಾ ಏಳಾಕ ಹತ್ತಿತ್ತು. ನಿಮಗ ಅವತ್ತು ಕಂಡೈತಿ."

ಗಣಪತಿ ಹಬ್ಬದ ಮುನ್ನ ಬಿಳಿಗೂದಲಿನ ಡಾಕ್ಟರು ಪಾದ ನೋಡಿ, ಸದ್ಯಕ್ಕೆ ಆಪರೇಷನ್ ಬೇಡ ಎಂದರು. ಹಾಗಾದರೆ ಇನ್ನೊಮ್ಮೆ ಚಿತ್ರ ತೆಗೆಯೋಣವೇ, ಕಪ್ಪು ಬಿಲ್ಲೆಗಳು ಬೆಳ್ಳಗಾಗಿರಬಹುದು ಎಂದು ಆಸೆಯಿಂದ ಕೇಳಿದೆ. ಅವರು ನಕ್ಕರು. ಆ ಬಿಲ್ಲೆಗಳು ಮತ್ತೆ ಹೊಸದಾಗುವುದಿಲ್ಲ, ಅವು ಹಾಗೇ ಇರುತ್ತವೆ ಎಂದರು. ನಾನು ಬೆರಗಾದದ್ದು ಅಲ್ಲಿ. ಸವೆದದ್ದು ಸವೆದೇ ಇದೆ. ಅದರ ಸುತ್ತಲಿನ ಮಾಂಸ, ನರ, ನಡಿಗೆ, ನಿಲ್ಲುವ ರೀತಿ ಎಲ್ಲ ಸೇರಿ ಅದನ್ನು ಹೊತ್ತುಕೊಂಡಿವೆ, ಆ ಮಳೆಯ ದಿನ ಲೋಕಲ್ಲಿನಿಂದ ನನ್ನನ್ನು ಆ ಕೈಗಳು ಇಳಿಸಿದ ಹಾಗೆ. ನನ್ನೊಳಗೆ ಇಷ್ಟು ಜನ ಇದ್ದಾರೆಂದು ನನಗೆ ಗೊತ್ತಿರಲಿಲ್ಲ.

ಧಣಿಗಳು ಗಲ್ಲಾದ ಮಾತನ್ನು ಬಿಟ್ಟರು. ಗೊಣಗುತ್ತಲೇ ಕಾವಲಿಯ ಮುಂದಿನ ನೆಲ ಕೀಳಿಸಿ ಜಾರದ ಕಲ್ಲು ಹಾಕಿಸಿದರು, ಹಿಟ್ಟಿನ ಪಾತ್ರೆಗೆ ಸೊಂಟದೆತ್ತರದ ಕಟ್ಟೆ ಕಟ್ಟಿಸಿದರು. ಮೊದಲ ಬೆಳಿಗ್ಗೆ ಗೋಣಿ ಇಲ್ಲದ ನೆಲದ ಮೇಲೆ ನಿಂತಾಗ ಹಿರಿಯ ಭಟ್ಟರು ಎಲ್ಲಿಂದಲೋ ಬೈಯುತ್ತಾರೇನೋ ಅನ್ನಿಸಿತು. ಎಡಗಾಲು ಎತ್ತಿ ಹಿಟ್ಟಿನ ಕಡೆ ಇಟ್ಟೆ, ಕಾವಲಿಯ ಕಡೆ ಇಟ್ಟೆ, ಹುಯ್ದೆ. ದೋಸೆಯ ಅಂಚು ಬಿಡುವ ಸದ್ದು ಕೇಳಿತು. ಪಕ್ಕದಲ್ಲಿದ್ದ ಮನೋಜ್ ನನ್ನ ಕಾಲುಗಳನ್ನೇ ನೋಡುತ್ತಿದ್ದ. ಈಗ ಅವನೂ ಹೆಜ್ಜೆ ಹಾಕಿಯೇ ಹುಯ್ಯುತ್ತಾನೆ. ಬೀಟ್‌ರೂಟ್ ಮಾತ್ರ ಬಿಟ್ಟಿಲ್ಲ.

ಕಳೆದ ವಾರ ಆ ಹಾಲ್‌ಗೆ ಹೋದೆನೆಂದೆನಲ್ಲ. ಗಿರಿಜಾ ಡಾಕ್ಟರ ಕೂದಲಲ್ಲಿ ಈಗ ಬಿಳಿ ಎಳೆಗಳಿವೆ. ನನ್ನನ್ನು ಕಂಡವರೇ ನಮಸ್ಕಾರ ಗಿಮಸ್ಕಾರ ಏನಿಲ್ಲ. "ಮೊದಲ ಬೆರಳ ತೋರಸ್ರಿ," ಎಂದರು.

"ಇವರದ್ದಲ್ಲ ಡಾಕ್ಟ್ರೆ, ನನ್ನ ಮಂಡಿ ನೋಡ್ಲಿಕ್ಕೆ ಬಂದದ್ದು," ಎಂದಳು ಸುಮತಿ.

ಪಕ್ಕದ ಮಂಚದಲ್ಲಿ ಟ್ಯಾಕ್ಸಿ ಓಡಿಸುವವನೊಬ್ಬ ಗೋಡೆ ನೋಡುತ್ತ ಮಲಗಿದ್ದ. ಮಂಚದ ಕೆಳಗೆ ಅವನ ಚಪ್ಪಲಿಗಳು, ಒಂದಕ್ಕೆ ದಾರ ಕಟ್ಟಿದೆ, ಜಾರದಿರಲೆಂದು. ಆ ದಾರ ಕಂಡು ನನಗೆ ಎಲ್ಲ ಅರ್ಥವಾಯಿತು. ಗಿರಿಜಾ ಡಾಕ್ಟರು ನನ್ನನ್ನು ತೋರಿಸಿ ಅವನಿಗೆ ಹೇಳಿದರು, "ಇನ್ ಕಾ ಭೀ ಯಹೀ ಥಾ."

ಅವನು ನನ್ನ ಕಡೆ ತಿರುಗಿದ. "ಆಪರೇಷನ್ ನಹೀಂ ಕಿಯಾ?"

"ನಹೀಂ."

"ದರ್ದ್ ಪೂರಾ ಗಯಾ?"

ನೋವು ಪೂರ್ತಿ ಹೋಗಿದೆಯೆಂದು ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಕಭೀ ಕಭೀ ಆತಾ ಹೈ. ದೋ ದಿನ್ ರಹ್ ಕೇ ಚಲಾ ಜಾತಾ ಹೈ," ಎಂದೆ. ಆಗೊಮ್ಮೆ ಈಗೊಮ್ಮೆ ಬಂದು ಎರಡು ದಿನ ಇದ್ದು ಹೋಗುವುದು ನಿಜ. ಚಪ್ಪಲಿ ಬಿಟ್ಟು, ಎಡಪಾದವನ್ನು ಅವನ ಮಂಚದ ಅಂಚಿಗೆ ಇಟ್ಟು, ಹೆಬ್ಬೆರಳು ಎತ್ತಿದೆ. "ದಬಾಕೇ ದೇಖೋ."

ಅವನು ಎದ್ದು ಕೂತ. ಸಂಕೋಚದಿಂದ ಒಂದು ಬೆರಳಿಟ್ಟ. ಆಮೇಲೆ ಹೆಬ್ಬೆಟ್ಟಿನಿಂದ ಒತ್ತಿದ. ಆಮೇಲೆ ಸ್ಟೀರಿಂಗ್ ಹಿಡಿದು ಗಟ್ಟಿಯಾದ ಆ ಕೈಯ ಬಲವನ್ನೆಲ್ಲ ಹಾಕಿ ಒತ್ತಿದ. ನನ್ನ ಬೆರಳು ಬಗ್ಗಲಿಲ್ಲ. ಅವನು ನನ್ನ ಮುಖ ನೋಡಿದ, ನನ್ನ ಬೆರಳು ನೋಡಿದ, ಮತ್ತೆ ಮೆಲ್ಲಗೆ ತನ್ನ ಪಾದದ ಕಡೆ ನೋಡಿ ಉಸಿರು ಹಿಡಿದ.

"ಹಿಲಾ ಕ್ಯಾ?" ಎಂದು ಕೇಳಿದ.

ನಾವು ಮೂವರೂ ಅವನ ಪಾದದ ಮೇಲೆ ಬಗ್ಗಿದೆವು. ಮಂಡಿನೋವು ಮರೆತು ಎಲ್ಲರಿಗಿಂತ ಮುಂದೆ ಬಗ್ಗಿದ್ದವಳು ಸುಮತಿ.

"ಅಲುಗಿತು ಮಾರಾಯ್ರೆ," ಎಂದಳು. "ನಾನು ಕಂಡೆ."